ಗ್ಯಾಂಗ್‌ಮನ್ ನೆಟ್ಟ ಹುಲ್ಲು

ಹೊಸಪೇಟೆಯ ಹೊರಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಸಂಡೂರಿನ ಕಡೆ ಹೋಗುವ ರೈಲು ಹಳಿಯ ನಡುವೆ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಗ್ಯಾಂಗ್‌ಮನ್ ಉಚ್ಚೆಂಗಪ್ಪ ಕುಕ್ಕರಗಾಲಲ್ಲಿ ಕೂತು ಜಲ್ಲಿಕಲ್ಲುಗಳ ಸಂದಿಯ ಹುಲ್ಲು ಕೀಳುತ್ತಿದ್ದಾರೆ. ಬೇರು ಸಮೇತ ಬಂದರೆ ಮುಖ ಅರಳುತ್ತದೆ. ನಡುವೆ ತುಂಡಾದರೆ ಹಟ ಹಿಡಿದು ಕುರ್ಪಿಯಿಂದ ಕೆದಕುತ್ತಾರೆ. ಅದಿರಿನ ಗಾಡಿ ಕೂಗಿದಾಗ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಗಾಡಿ ದಾಟಿದ ಮೇಲೆ ಮೈಮೇಲೆ ಕೂತ ಕೆಂಪು ಧೂಳು ಕೊಡವಿ ಮತ್ತೆ ಕೆಲಸ.

“ಹುಲ್ಲು ಅಂದ್ರ ಹಳಿಗೆ ವೈರಿ ನೋಡ್ರಿ ಸರ. ನೀರು ಹಿಡಕೊಂಡು ಕುಂದರತೈತಿ, ಕಲ್ಲು ಸಡಿಲ ಮಾಡತೈತಿ. ಸಣ್ಣದು ಅಂತ ಬಿಡಾಂಗಿಲ್ಲ.”

ಇಂಥ ಮನುಷ್ಯ ಸಂಜೆ ಚಿತ್ತವಾಡ್ಗಿಯ ಮನೆಗೆ ಹೋಗಿ ಹುಲ್ಲು ನೆಡುತ್ತಾರೆ ಎಂದು ಯಾರೋ ಹೇಳಿದಾಗ ನಾನು ನಂಬಿರಲಿಲ್ಲ. ಕಣ್ಣಾರೆ ಕಂಡ ಮೇಲೆ ನಂಬದೆ ಉಪಾಯವಿಲ್ಲ. ಪಡಸಾಲೆಯಲ್ಲಿ ಎರಡು ಟ್ರಂಕುಗಳ ಮೇಲೆ ಹಳೆಯ ಬಾಗಿಲೊಂದನ್ನು ಮಲಗಿಸಿದ್ದಾರೆ. ಅದರ ಮೇಲೆ ರಟ್ಟಿನ ಪುಟ್ಟ ಸ್ಟೇಷನ್ನು, ಕ್ವಾರ್ಟರ್ಸ್ ಸಾಲು, ಬೇವಿನ ಮರ, ಆಟಿಕೆಯ ರೈಲು. ಮುಖ್ಯ ಹಳಿಯ ಪಕ್ಕಕ್ಕೆ, ಗೂಡ್ಸ್ ಗಾಡಿ ನಿಲ್ಲಲು ಇನ್ನೊಂದು ಹಳಿ. ಎಲ್ಲವೂ ಹೆಂಡತಿ ದ್ಯಾಮಕ್ಕನಿಗಾಗಿ.

ದ್ಯಾಮಕ್ಕ ಗ್ಯಾಂಗ್‌ಮನ್ ಮಗಳು. ಸಂಡೂರು ದಾರಿಯ ಅಂಥದೇ ಒಂದು ಸಣ್ಣ ಸ್ಟೇಷನ್ನಿನ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು. ಅವರ ತಂದೆಯ ಎಮ್ಮೆಗೆ ಹಳಿಯ ಮೇಲಿನ ಹುಲ್ಲಿನದೇ ಚಪಲ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಉಚ್ಚೆಂಗಪ್ಪ ದಿನಾ ಅದನ್ನು ಹೊಡೆದುಕೊಂಡು ಹೋಗಿ ಮನೆಗೆ ಮುಟ್ಟಿಸುತ್ತಿದ್ದರು. ಎಮ್ಮೆ ಮುಟ್ಟಿಸುತ್ತ ಮುಟ್ಟಿಸುತ್ತ ಆ ಮನೆಯ ಅಳಿಯನೇ ಆದರು. ಈಗ ಅಲ್ಲಿ ಹೊಸ ಹಳಿ ಬಂದಿದೆ, ಕ್ವಾರ್ಟರ್ಸ್ ಇಲ್ಲ, ಬೇವಿನ ಮರವೂ ಇಲ್ಲ. ದ್ಯಾಮಕ್ಕನ ಮೊಣಕಾಲಿಗೆ ಓಣಿ ದಾಟುವುದೇ ಕಷ್ಟ. ಒಂದು ದಿನ ರೊಟ್ಟಿ ಬಡಿಯುತ್ತ ಆಕೆ, ಆ ಜಾಗ ಇನ್ನೊಮ್ಮೆ ನೋಡಬೇಕಿತ್ತು ಅಂದರಂತೆ. ಗಂಡ ತೋರಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟರು.

ಸ್ಟೇಷನ್ ಕಟ್ಟಿದ್ದು ಸುಲಭ, ಕಾಡಿದ್ದು ಹುಲ್ಲು. ಬಣ್ಣ ಹಾಕಿದ ಗರಗಸದ ಹೊಟ್ಟು ಅಂಟಿಸಿದರೆ ಪಾಚಿ ಕಟ್ಟಿದಂತಾಯಿತು. ನೈಲಾನ್ ಹಗ್ಗದ ಎಳೆ ಕತ್ತರಿಸಿ ಉದುರಿಸಿದರೆ ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ಮಲಗಿಬಿಟ್ಟಿತು. ಕೊನೆಗೆ ಓಣಿಯ ತುದಿಯಲ್ಲಿ ಮಿಕ್ಸರ್ ರಿಪೇರಿ ಮಾಡುವ ಮೌನೇಶ್ ಫೋನಿನಲ್ಲಿ ಹುಡುಕಿ ದಾರಿ ತೋರಿಸಿದರು. ಸೊಳ್ಳೆ ಹೊಡೆಯುವ ಬ್ಯಾಟಿನ ಕರೆಂಟಿಗೆ ಎಳೆಗಳು ತಾವಾಗಿಯೇ ಎದ್ದು ನಿಲ್ಲುತ್ತವಂತೆ.

ಉಚ್ಚೆಂಗಪ್ಪ ಮುರಿದ ಬ್ಯಾಟಿನ ಜಾಲರಿ ಬಿಚ್ಚಿ ಹಿಡಿಕೆ ಉಳಿಸಿಕೊಂಡರು. ಅದರ ಒಂದು ವೈರನ್ನು ಚಹಾ ಸೋಸುವ ಜರಡಿಗೆ ಸುತ್ತಿದರು. ಇನ್ನೊಂದನ್ನು ಒಂದು ಮೊಳೆಗೆ ಕಟ್ಟಿ, ಮೊಳೆಯನ್ನು ಹಸಿ ಅಂಟಿನಲ್ಲಿ ಚುಚ್ಚಿದರು. ಜರಡಿಯಲ್ಲಿ ಎಳೆ ತುಂಬಿ, ಗುಂಡಿ ಒತ್ತಿ, ಅಂಟಿನ ಮೇಲೆ ಮೆಲ್ಲಗೆ ಅಲ್ಲಾಡಿಸಬೇಕು. ಮೊದಲ ಸಲ ಒಂದು ಎಳೆಯೂ ನಿಲ್ಲಲಿಲ್ಲ, ಏಕೆಂದರೆ ಅಂಗಡಿಯಿಂದ ತಂದದ್ದು ಕರೆಂಟು ಹರಿಯದ ಪ್ಲಾಸ್ಟಿಕ್ ಜರಡಿ. ಮರುದಿನ ಮನೆಯ ಸ್ಟೀಲ್ ಜರಡಿ ಕಾಣೆಯಾಯಿತು. ದ್ಯಾಮಕ್ಕ ಇವತ್ತಿಗೂ ಬಟ್ಟೆಯಲ್ಲೇ ಚಹಾ ಸೋಸುತ್ತಾರೆ. ಕಳ್ಳ ಯಾರೆಂದು ಗೊತ್ತಿದ್ದೂ ಕೇಳಲಿಲ್ಲ ಎನ್ನುತ್ತ ನನ್ನ ಮುಂದೆ ಲೋಟ ಇಡುತ್ತಾರೆ.

ಸ್ಟೀಲ್ ಜರಡಿಗೆ ಹುಲ್ಲು ನೆಟ್ಟಗೆ ನಿಂತಿತು. ಆದರೆ ದ್ಯಾಮಕ್ಕ ಬಂದು ಸುಮ್ಮನೆ ನೋಡಿ, ಇದು ನಮ್ಮ ಸ್ಟೇಷನ್ ಅಲ್ಲ ಅಂದುಬಿಟ್ಟರು. ಮೊದಲು ಬಣ್ಣ ಹೆಚ್ಚಾಯಿತೇನೋ ಅಂದುಕೊಂಡ ಗಂಡ, ಡ್ಯೂಟಿ ಬೂಟಿನಿಂದ ಉದುರಿದ ಅದಿರಿನ ಧೂಳನ್ನೇ ತಂದು ಹುಲ್ಲಿಗೆ ಸವರಿದರು. ಆಗಲೂ ಅಲ್ಲ. ಅಂದು ರಾತ್ರಿ ಗಂಡನಿಗೆ ಊಟ ಸೇರಲಿಲ್ಲವಂತೆ. ಕೊಟ್ಟ ಮಾತು ಸುಳ್ಳಾಯಿತಲ್ಲ ಎಂಬ ಸಂಕಟ.

ತಪ್ಪು ಸಿಕ್ಕಿದ್ದು ಮಾರನೆಯ ದಿನ, ದ್ಯಾಮಕ್ಕನ ಬಾಯಿಂದಲೇ. ಉಚ್ಚೆಂಗಪ್ಪ ಊರೆಲ್ಲ ಹುಲ್ಲು ಬೆಳೆಸಿ, ಎರಡೂ ಹಳಿಗಳನ್ನು ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬರುವ ದಿನದಂತೆ ಬೋಳಾಗಿ ಇಟ್ಟಿದ್ದರು. ಕೈಗೆ ಅದೇ ರೂಢಿ.

“ಹಳಿ ನಡುವ ಹುಲ್ಲು ಇರದಿದ್ರ ನಮ್ಮ ಎಮ್ಮಿ ಯಾಕ ಬರತಿತ್ತು?” ಅಂದರಂತೆ ದ್ಯಾಮಕ್ಕ. “ಅದರ ಹಿಂದ ನೀವ್ಯಾಕ ಬರತಿದ್ರಿ?”

ಇಂದು ಆ ಹುಲ್ಲು ನೆಡುವ ಸಂಜೆ, ನಾನೂ ಪಕ್ಕದಲ್ಲಿ ಕೂತಿದ್ದೇನೆ. ಉಚ್ಚೆಂಗಪ್ಪ ಎರಡೂ ಹಳಿಗಳಡಿಯ ಸ್ಲೀಪರು ಪಟ್ಟಿಗಳ ನಡುವೆ ಅಂಟು ಹಚ್ಚಿ ಜರಡಿ ಹಿಡಿದಿದ್ದಾರೆ, ಹೆಬ್ಬೆರಳು ಮಾತ್ರ ಗುಂಡಿ ಒತ್ತುತ್ತಿಲ್ಲ. ಜನ್ಮವೆಲ್ಲ ಕಿತ್ತದ್ದನ್ನು ನೆಡುವುದು ಹೇಗೆ? ನನಗೇ ಪಾಪ ಅನ್ನಿಸುತ್ತದೆ. ಕೊನೆಗೆ ಮುಖ್ಯ ಹಳಿಯ ಅಂಟನ್ನು ಒರೆಸಿ ತೆಗೆದು ರಾಜಿಗೆ ಬರುತ್ತಾರೆ.

“ಬಾಜೂ ಲೈನಿಗೆ ಹಾಕತೀನಿ. ಮೇನ್ ಲೈನಿಗೆ ಬ್ಯಾಡ. ಗಾಡಿ ಓಡೋ ಜಾಗ ಅದು.”

ಗುಂಡಿ ಒತ್ತುತ್ತಾರೆ. ಚರಚರ ಸದ್ದಿನ ಜೊತೆ ಎಳೆಗಳು ಉದುರಿ, ಬಿದ್ದಲ್ಲೇ ಎದ್ದು ನಿಲ್ಲುತ್ತವೆ. ಮೇಲೆ ಒಂದು ಚಿಟಿಕೆ ಕೆಂಪು ಧೂಳು. ಆಮೇಲೆ ಹೆಂಡತಿಯನ್ನು ಕರೆಯುತ್ತಾರೆ.

ದ್ಯಾಮಕ್ಕ ಗೋಡೆ ಹಿಡಿದುಕೊಂಡು ಬಂದು ಬಗ್ಗಿ ನೋಡುತ್ತಾರೆ. ಕ್ವಾರ್ಟರ್ಸಿನ ಸಾಲಿನಲ್ಲಿ ಕೊನೆಯ ಮನೆಯ ಮೇಲೆ ಬೆರಳಿಡುತ್ತಾರೆ. ಬೆರಳು ಅಲ್ಲಿಂದ ಮೆಲ್ಲಗೆ ಹೊರಟು, ಬೇವಿನ ಮರ ದಾಟಿ, ಹಳಿಯ ಹುಲ್ಲಿನ ಹತ್ತಿರ ಬಂದು ನಿಲ್ಲುತ್ತದೆ.

“ಇಷ್ಟು ಹುಲ್ಲು ಬಿಟ್ಟು ನಮ್ಮ ಎಮ್ಮಿ ಎಲ್ಲಿಗೆ ಹೋತ್ರಿ?”

ಉಚ್ಚೆಂಗಪ್ಪ ಜರಡಿಯನ್ನು ಕೆಳಗಿಟ್ಟು ಅಂಟಾದ ಕೈಗಳನ್ನು ಒರೆಸಿಕೊಳ್ಳುತ್ತಾರೆ. ನಾಳೆ ಕೆರೆಯ ಮಣ್ಣು ತಂದು ಎಮ್ಮೆ ಮಾಡುವುದಿದೆ. ಬಾಗಿಲವರೆಗೆ ನನ್ನನ್ನು ಬಿಡಲು ಬಂದವರು ಮೆಲುದನಿಯಲ್ಲಿ ಹೇಳುತ್ತಾರೆ: “ಇಷ್ಟು ದಿನ ಹುಲ್ಲು ಕಿತ್ತೆ ಸರ, ಭೇಷ್ ಅಂದೋರು ಯಾರೂ ಇಲ್ಲ. ಒಂದೀಟು ನೆಟ್ಟೆ, ನಮ್ಮಾಕಿ ಎಮ್ಮಿ ಕೇಳಿದ್ಲು. ಸಾಕಲ್ರಿ.”