ಕೂಸಿನ ಕೆನ್ನೆಯ ಮೇಲಿನ ಬೊಟ್ಟು

ಯಾರ ನಕಲು ಬೇಕು ಹೇಳಿ, ಮಾಡಿ ತೋರಿಸುತ್ತೇನೆ. ಬಳ್ಳಾರಿಯ ಗಾಂಧಿನಗರದಲ್ಲಿ ನಾನು ಕೆಲಸ ಮಾಡುವ ಸ್ಟುಡಿಯೋದ ಯಜಮಾನರು ಗಿರಾಕಿಗಳ ಜೊತೆ ಫೋನಿನಲ್ಲಿ ಮಾತಾಡುವಾಗ ಹೊಟ್ಟೆಯ ಮೇಲೆ ಕೈಯಾಡಿಸಿಕೊಳ್ಳುವುದು, ಅರ್ಧ ಮಾತು ಕನ್ನಡದಲ್ಲಿ ಶುರು ಮಾಡಿ ಉಳಿದರ್ಧವನ್ನು ತೆಲುಗಿನಲ್ಲಿ ಮುಗಿಸುವುದು, ಎದುರಿನ ಚಹಾದಂಗಡಿಯವನು ಚಿಲ್ಲರೆ ಇಲ್ಲ ಎನ್ನುವಾಗ ಮುಖವನ್ನು ಬೇವಿನಕಾಯಿ ತಿಂದವರಂತೆ ಮಾಡುವುದು, ಎಲ್ಲ ನನಗೆ ಬಾಯಿಪಾಠ. ನಾನು ಕ್ಯಾಮೆರಾ ಹಿಡಿದು ಬಗ್ಗಿದಾಗ ಹಿಂದೆ ಪ್ಯಾಂಟು ಜಾರುತ್ತದಲ್ಲ, ಅದನ್ನೂ ಬೇರೆಯವರು ಆಡಿಕೊಳ್ಳುವ ಮೊದಲೇ ನಾನೇ ಮಾಡಿ ತೋರಿಸಿಬಿಡುತ್ತೇನೆ. ನಮ್ಮ ದಂಧೆಗೆ ಇದು ಅನುಕೂಲವೇ. ಮದುವೆ ಮನೆಯಲ್ಲಿ ಬಿಗಿದುಕೊಂಡು ನಿಂತ ಬೀಗರನ್ನು ‘ನಗ್ರಿ’ ಅಂದರೆ ನಗುವುದಿಲ್ಲ, ಅವರ ಬೀಗರ ನಕಲು ಮಾಡಿದರೆ ನಗುತ್ತಾರೆ.

ಒಂದು ಕಾರ್ಯಕ್ರಮಕ್ಕೆ ಹೋಗಿ ಬಂದರೆ ಸಾವಿರಗಟ್ಟಲೆ ಫೋಟೋ ಇರುತ್ತವೆ. ಕಣ್ಣು ಮುಚ್ಚಿದವು, ಅಲುಗಿದವು, ಒಂದೇ ಥರದವು ಎಲ್ಲ ತೆಗೆದು ಒಳ್ಳೆಯವನ್ನು ಆರಿಸಬೇಕು. ಮೊರದಲ್ಲಿ ಅಕ್ಕಿ ಹಸನು ಮಾಡಿದ ಹಾಗೆ. ಕುತ್ತಿಗೆ ಹಿಡಿದುಕೊಳ್ಳುವ ಕೆಲಸ. ಹೋದ ವರ್ಷ ಯಜಮಾನರು ಅದಕ್ಕೆಂದೇ ಒಂದು ಎಐ ಸಾಫ್ಟ್‌ವೇರ್ ಹಾಕಿಸಿದರು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಅದು ಆರಿಸಿ, ಬಣ್ಣ ಸರಿಮಾಡಿ, ಮುಖದ ಮೇಲಿನ ಮೊಡವೆ ಕಲೆಗಳನ್ನು ಒರೆಸಿ, ಚೆನ್ನಾಗಿರುವುದಕ್ಕೆ ನಕ್ಷತ್ರ ಕೊಟ್ಟು ಇಟ್ಟಿರುತ್ತಿತ್ತು. ನಾನು ಅದರ ನಕಲನ್ನೂ ಬಿಡಲಿಲ್ಲ. ಹೆಣ್ಣು ನೋಡಲು ಬಂದ ಹಿರಿಯರ ಗತ್ತಿನಲ್ಲಿ ಕುರ್ಚಿಗೆ ಒರಗಿ, “ಇದು ಬ್ಯಾಡ, ಕಣ್ಣು ಸಣ್ಣವು. ಇದು ಬ್ಯಾಡ, ಬಣ್ಣ ಕಮ್ಮಿ. ಮುಂದಿನ್ದು ಕರಕೊಂಡ್ ಬರ್ರಿ,” ಎನ್ನುತ್ತಿದ್ದೆ. ಯಜಮಾನರು ನಗುತ್ತಲೇ ಒಂದು ಮಾತು ಹೇಳುತ್ತಿದ್ದರು: “ಲೇ, ಮಷೀನು ಆರಿಸಿದ ಮ್ಯಾಲೆ ನೀನೂ ಒಂದ್ ಸಲ ನೋಡಲೇ.”

“ನೋಡ್ತೀನ್ರಿ ಸಾರ್.”

ನೋಡುತ್ತಿರಲಿಲ್ಲ.

ಕುರುಗೋಡಿನ ಒಂದು ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮಕ್ಕೆ ಹೋಗಿದ್ದೆ. ಕೂಸಿನ ತಾಯಿ ಸಾಲಿ ಟೀಚರು. ನನಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು. ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೋದ ಗಳಿಗೆಯಿಂದ ಆಕೆ ನನ್ನನ್ನು ‘ತಮ್ಮಾ’ ಎಂದಳು, ನಾನು ‘ಅಕ್ಕಾ’ ಎಂದೆ. ಕೂಸಿಗೆ ಎಡಗೆನ್ನೆಯ ಮೇಲೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟಿದ್ದಳು. ಬಂದವರು ಎತ್ತಿಕೊಂಡು ಮುದ್ದಾಡಿದಾಗ ಅದು ಅಳಿಸುತ್ತಿತ್ತು. ಅಳಿಸಿದ ಕೂಡಲೇ ಅಕ್ಕ ಎಲ್ಲಿದ್ದರೂ ಓಡಿ ಬಂದು, “ತಡೀರಿ ತಡೀರಿ, ಬೊಟ್ಟು ಹೋತು,” ಎಂದು ಫೋಟೋ ನಿಲ್ಲಿಸಿ ಮತ್ತೆ ಇಡುತ್ತಿದ್ದಳು. ಮೂರು ಸಲ ಆಯಿತು, ನಾಲ್ಕು ಸಲ ಆಯಿತು. ಇಂಥದ್ದು ಕಂಡರೆ ನಾನು ಸುಮ್ಮನಿರುವ ಪೈಕಿಯೇ? ಹೆಗಲ ಮೇಲಿನ ಟವೆಲನ್ನು ಸೆರಗಿನಂತೆ ತಲೆಗೆ ಹೊದ್ದು, ಕ್ಯಾಮೆರಾ ಚೀಲವನ್ನು ಕೂಸಿನಂತೆ ಎತ್ತಿಕೊಂಡು, ಬೆರಳ ತುದಿಯನ್ನು ಗಾಳಿಯಲ್ಲಿ ಅದ್ದಿ, ಉಸಿರು ಹಿಡಿದು, ನಾಲಿಗೆ ತುದಿ ಹಲ್ಲಿನ ಸಂದಿಯಲ್ಲಿಟ್ಟುಕೊಂಡು ಬೊಟ್ಟಿಟ್ಟೆ. ಥೇಟ್ ಆಕೆಯೇ. ಮನೆ ತುಂಬ ಜನ ಬಿದ್ದು ಬಿದ್ದು ನಕ್ಕರು. ಅಕ್ಕನೂ ನಕ್ಕಳು. ನಕ್ಕು, “ಭಾಳ ಶಾಣ್ಯಾ ಅದೀ ಬಿಡು,” ಎಂದು ಹೋಗಿ ಮತ್ತೊಮ್ಮೆ ಬೊಟ್ಟಿಟ್ಟಳು.

ಆಕೆಯ ಗಂಡನ ಮನೆ ಸಿರುಗುಪ್ಪ. ಬಾಣಂತನ ಮುಗಿಸಿ ಕೂಸು ಅಲ್ಲಿಗೆ ಹೋಗುವ ದಿನ ಪಡಸಾಲೆಯ ಗೋಡೆಗೆ ದೊಡ್ಡ ಫೋಟೋ ತೂಗುಹಾಕಬೇಕು, ಉಳಿದವೆಲ್ಲ ಆಮೇಲೆ ಕೊಟ್ಟರೂ ನಡೆದೀತು ಎಂದಿದ್ದಳು. ನಾನು ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ಸಾಫ್ಟ್‌ವೇರ್ ಆರಿಸಿತು, ತಿದ್ದಿತು. ಎಲ್ಲಕ್ಕಿಂತ ಹೆಚ್ಚು ನಕ್ಷತ್ರ ಬಿದ್ದಿದ್ದ ಫೋಟೋವನ್ನು ಹಾಗೇ ಪ್ರಿಂಟಿಗೆ ಕಳಿಸಿದೆ. ಫ್ರೇಮ್ ಬಂದಾಗ ಕಾಗದ ಬಿಚ್ಚಿ ನೋಡಿದೆನಾದರೂ ಏನೆಂದು ನೋಡಿದೆ? ಮೂಲೆ ಸರಿ ಇದೆಯೇ, ಗಾಜು ಒಡೆದಿಲ್ಲವಷ್ಟೇ ಎಂದು.

ಸಿರುಗುಪ್ಪದ ಪಡಸಾಲೆಯಲ್ಲಿ ಅಕ್ಕ, ಆಕೆಯ ತೊಡೆಯ ಮೇಲೆ ಕೂಸು, ಆಕೆಯ ಅತ್ತೆ. ಫ್ರೇಮಿನ ಕಾಗದ ಬಿಚ್ಚುತ್ತಾ ನಾನು ಬಾಯಿ ಬಿಟ್ಟೆ: “ಒಂದೊಂದು ಫೋಟೋನೂ ಕಣ್ಣಾಗ ಎಣ್ಣಿ ಬಿಟ್ಕೊಂಡು ನೋಡೀನ್ರಿ ಅಮ್ಮಾ. ಕೈಯಾರೆ ತಿದ್ದೀನಿ.”

“ಅಯ್ಯ ನನಪ್ಪಾ, ಎಷ್ಟ್ ತ್ರಾಸು ತೊಗೊಂಡಿ,” ಎಂದು ಅತ್ತೆ ಒಳಗಿನಿಂದ ತಟ್ಟೆ ತುಂಬ ಮಂಡಕ್ಕಿ ಒಗ್ಗರಣೆ, ನಮ್ಮ ಕಡೆಯ ಮಂಡಾಳ, ತಂದಿಟ್ಟರು. ನಾನು ತಿನ್ನಲಿಕ್ಕೆ ಶುರು ಮಾಡಿದೆ.

ಅಕ್ಕ ಫೋಟೋ ನೋಡಿದಳು. ಹತ್ತಿರ ಬಗ್ಗಿ ನೋಡಿದಳು. “ತಮ್ಮಾ, ಬೊಟ್ಟು ಎಲ್ಲೈತಿ?”

ಕೂಸಿನ ಕೆನ್ನೆ ಈಗತಾನೆ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಮೊಡವೆ, ಕಲೆ, ಬೊಟ್ಟು, ಯಂತ್ರಕ್ಕೆ ಎಲ್ಲ ಒಂದೇ. ಒರೆಸಿ ಹಾಕಿತ್ತು. ನನಗೆ ಎದೆ ಧಸಕ್ಕೆಂದಿತು. ಆದರೆ ನನ್ನ ಬಾಯಿ ಎದೆಯನ್ನು ಕೇಳಿ ಮಾತಾಡುವುದಿಲ್ಲವಲ್ಲ. “ಅಕ್ಕಾ, ಕಂಪ್ಯೂಟರಿಗೂ ನಿಮ್ ಕೂಸಿನ ಮ್ಯಾಲೆ ಕಣ್ಣು ಬಿದ್ದೈತಿ ನೋಡ್ರಿ. ಬೊಟ್ಟು ಇದ್ರ ದಿಷ್ಟಿ ತಾಗಂಗಿಲ್ಲಂತ ಅದನ್ನ ಮೊದಲು ತಗದೈತಿ,” ಎಂದೆ, ಯಂತ್ರ ಮಾತಾಡುವಂತೆ ಮೂಗಿನಲ್ಲಿ.

ಯಾರೂ ನಗಲಿಲ್ಲ. ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ಕೂಸನ್ನು ಎದೆಗೆ ಒತ್ತಿಕೊಂಡಳು.

“ಇದಕ್ಕಿಂತ ಮೊದಲು ನನಗೊಂದು ಕೂಸಿತ್ತು,” ಎಂದಳು ಅಕ್ಕ. ಪಾಠ ಹೇಳುವವರ ಹಾಗೆ ಸಾವಕಾಶ ಹೇಳಿದಳು. “ಅದರ ಫೋಟೋ ತಗಸುವಾಗ ಯಾರೋ ಅಂದ್ರು, ಬೊಟ್ಟು ಒರೆಸ್ರಿ, ಮಕ ಚಂದ ಬರ್ತೈತಿ ಅಂತ. ನಾನೇ ಸೆರಗಿಲೆ ಒರೆಸಿದೆ. ಆ ತಿಂಗಳದಾಗ ಜ್ವರ ಬಂತು. ಉಳೀಲಿಲ್ಲ.”

ನಾನು ಮಂಡಾಳದ ತಟ್ಟೆಯನ್ನು ಕೆಳಗಿಟ್ಟೆ.

“ಡಾಕ್ಟ್ರು ಯಾತಕ್ಕ ಹಂಗಾತು ಅಂತ ಹೇಳ್ಯಾರ. ನನಗ ಗೊತ್ತೈತಿ. ಬೊಟ್ಟಿನಿಂದ ಯಾರೂ ಉಳಿಯಂಗಿಲ್ಲ, ಸಾಯಂಗೂ ಇಲ್ಲ. ಆದ್ರ ಒರೆಸಿದ ಕೈ ನಂದು. ಈ ಸಲ ಇಟ್ಟಿದ್ದೆ. ಎಷ್ಟ್ ಸಲ ಹೋತೋ ಅಷ್ಟ್ ಸಲ ಇಟ್ಟಿದ್ದೆ.”

“ಮಷೀನಿಂದ ತಪ್ಪಾಗೈತಿ ಅಕ್ಕಾ. ಅದಕ್ಕ ತಿಳಿಯಂಗಿಲ್ಲ,” ಎಂದೆ. ಕೈಯಾರೆ ತಿದ್ದೀನಿ ಎಂದವನೂ ನಾನೇ, ಮಷೀನು ಎಂದವನೂ ನಾನೇ. ಅತ್ತೆ ತಟ್ಟೆಯ ಕಡೆ ನೋಡಿ ಮುಖ ಆ ಕಡೆ ತಿರುಗಿಸಿದರು.

“ಮಷೀನಿಗೆ ತಿಳಿಯಂಗಿಲ್ಲ ಬಿಡು,” ಎಂದಳು ಅಕ್ಕ. “ನೀ ಅಲ್ಲೇ ಇದ್ದೆಲ್ಲ ತಮ್ಮಾ. ನಾ ನಾಲಿಗಿ ಹೆಂಗ ಕಚ್ಕೋತೀನಿ ಅನ್ನೋದು ಸುದ್ದಾ ನೋಡಿದ್ದಿ. ನೋಡಿದ್ದಕ್ಕ ಅಲ್ಲೇನು ನಕಲು ಮಾಡಿದ್ದು?”

ಬೈದಿದ್ದರೆ ಆ ಬೈಗುಳದ ನಕಲು ಮಾಡಿಯಾದರೂ ಬದುಕುತ್ತಿದ್ದೆ. ಆಕೆ ಬೈಯಲಿಲ್ಲ.

ಅತ್ತೆ ಕಾಡಿಗೆ ಡಬ್ಬಿ ತಂದರು. “ಫೋಟೋದ ಮ್ಯಾಲೇ ಒಂದು ಇಟ್ಟುಬಿಡು, ಏನಾಕ್ಕೈತಿ.” ಅಕ್ಕ ತಲೆಯಾಡಿಸಿದಳು. “ಬ್ಯಾಡತ್ತಿ. ಈಗ ಇಟ್ಟದ್ದಲ್ಲ, ಅವತ್ತು ಇಟ್ಟದ್ದು ಬೇಕು.”

ಮೂಲ ಫೋಟೋಗಳು ಸ್ಟುಡಿಯೋದಲ್ಲಿ ಹಾಗೇ ಇವೆ, ಮತ್ತೊಂದು ಮಾಡಿಕೊಂಡು ಬರುತ್ತೇನೆ ಎಂದು ಹೇಳಿ ಫ್ರೇಮನ್ನು ಎತ್ತಿಕೊಂಡು ಹೊರಟೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ತೆಕ್ಕಲಕೋಟೆಯಲ್ಲಿ ಹತ್ತಿದ ಒಬ್ಬ ಮುದುಕಿ ಪಕ್ಕದಲ್ಲಿ ಕುಂತು ಕಾಗದದ ಸಂದಿಯಲ್ಲಿ ಇಣುಕಿದಳು. “ಯಾರ ಕೂಸಪ್ಪಾ? ನಿಂದೇನು?”

“ಅಲ್ಲಬೇ.”

“ಇಷ್ಟ್ ಚಂದ ಐತಿ, ಒಂದ್ ಬೊಟ್ಟಾದ್ರೂ ಇಡಬಾರದ? ಎಂಥಾ ಮಂದಿ!”

ಬೇರೆ ದಿನವಾಗಿದ್ದರೆ ಆ ‘ಎಂಥಾ ಮಂದಿ’ಯನ್ನು ಬಳ್ಳಾರಿ ಮುಟ್ಟುವುದರೊಳಗೆ ಕಲಿತುಬಿಡುತ್ತಿದ್ದೆ. ಅವತ್ತು ಟವೆಲ್ ತೆಗೆದು ಕೂಸಿನ ಮುಖ ಮುಚ್ಚಿದೆ. ನನ್ನ ಮುಖ ಮುಚ್ಚಿಕೊಳ್ಳಲು ಇನ್ನೊಂದು ಟವೆಲ್ ಇರಲಿಲ್ಲ.

ಮರುದಿನ ಬೆಳಿಗ್ಗೆ ಸ್ಟುಡಿಯೋದಲ್ಲಿ ಸಾಫ್ಟ್‌ವೇರ್ ತೆರೆಯದೆ, ಕಾರ್ಡಿನಿಂದ ಇಳಿಸಿದ್ದ ಮೂಲ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಯಂತ್ರ ಬೇಡವೆಂದು ಬದಿಗಿಟ್ಟಿದ್ದರಲ್ಲೇ ಅಕ್ಕ ಹೆಚ್ಚಿದ್ದಳು. ಅದರದೇನು ತಪ್ಪು? ಆಕೆ ಒಂದರಲ್ಲೂ ಕ್ಯಾಮೆರಾ ಕಡೆ ನೋಡಿರಲಿಲ್ಲ. ಯಾರದೋ ಹೆಗಲ ಹಿಂದಿನಿಂದ, ಆರತಿ ತಟ್ಟೆಯ ಆಚೆಯಿಂದ, ಊಟದ ಸಾಲಿನ ನಡುವಿನಿಂದ ಆಕೆಯ ಕಣ್ಣು ಕೂಸಿನ ಎಡಗೆನ್ನೆಯ ಮೇಲೇ ಇತ್ತು. ಒಂದರಲ್ಲಂತೂ ಎಲ್ಲರೂ ಬಾಯಿ ತೆರೆದು ನಗುತ್ತಿದ್ದಾರೆ. ನನ್ನ ನಕಲಿಗೆ ನಕ್ಕದ್ದು; ಟವೆಲ್ ತೆಗೆದ ಕೂಡಲೇ ನಾನೇ ಕ್ಲಿಕ್ಕಿಸಿದ್ದೆ. ಅಕ್ಕನೂ ನಗುತ್ತಿದ್ದಾಳೆ, ಬೆರಳು ಮಾತ್ರ ಕಾಡಿಗೆ ಡಬ್ಬಿಯಲ್ಲಿದೆ. ಅದನ್ನು ಬಹಳ ಹೊತ್ತು ನೋಡಲು ನನ್ನಿಂದಾಗಲಿಲ್ಲ.

“ಏನಲೇ, ಇವತ್ತು ಬಾಯಿಗೆ ಬೀಗ?” ಎಂದರು ಯಜಮಾನರು.

“ನೋಡಾಕ ಹತ್ತೀನ್ರಿ ಸಾರ್,” ಎಂದೆ.

ಬೊಟ್ಟು ಸರಿಯಾಗಿ ಕಾಣುವ ಒಂದು ಫೋಟೋ ಆರಿಸಿ ಪರದೆಯ ಮೇಲೆ ದೊಡ್ಡದು ಮಾಡಿದೆ. ಕಾಡಿಗೆಯಲ್ಲಿ ಆಕೆಯ ಬೆರಳಿನ ಗೆರೆಗಳು ಸಹ ಮೂಡಿದ್ದವು. ಬಣ್ಣವನ್ನಷ್ಟೇ ಸ್ವಲ್ಪ ಸರಿಮಾಡಿ, ಕೆನ್ನೆಯನ್ನು ಮುಟ್ಟದೆ ಪ್ರಿಂಟಿಗೆ ಕಳಿಸಿದೆ.

ಎರಡನೇ ಸಲ ಸಿರುಗುಪ್ಪಕ್ಕೆ ಹೋದಾಗ ನಾನು ಏನೂ ಮಾತಾಡದೆ ಕಾಗದ ಬಿಚ್ಚಿದೆ. ಅತ್ತೆ ಈ ಸಲ ಒಳಗಿನಿಂದ ಏನೂ ತರಲಿಲ್ಲ. ಅಕ್ಕ ಕೂಸನ್ನು ಅವರ ಕೈಗೆ ಕೊಟ್ಟು, ಫ್ರೇಮನ್ನು ಬಾಗಿಲ ಬೆಳಕಿಗೆ ಒಯ್ದು ಗಾಜಿನ ಮೇಲೆ ಆ ಬೊಟ್ಟಿದ್ದಲ್ಲಿ ಬೆರಳಿಟ್ಟಳು.

“ಇಟ್ಟಿದ್ದೆ,” ಎಂದಳು. ನನಗಲ್ಲ, ಅತ್ತೆಗೂ ಅಲ್ಲ. “ಹೂಂ, ಇಟ್ಟಿದ್ದೆ.”

ಆಮೇಲೆ ನನ್ನ ಕಡೆ ತಿರುಗಿ ಸುತ್ತಿಗೆ, ಮೊಳೆ ಕೊಟ್ಟಳು. ಗೋಡೆಗೆ ಮುಖ ಮಾಡಿ ನಿಲ್ಲಲು ಒಂದು ಕೆಲಸ ಸಿಕ್ಕಿತಲ್ಲ ಎಂದು ನಾನು ಬೇಗ ಬೇಗ ಸ್ಟೂಲು ಹತ್ತಿದೆ.