ಚಿಲುಮೆಗೆ ಸಿಗದೆ ಉಳಿದ ಸೀರೆ

ಮೊಮ್ಮಗಳು ಮನೆಗೆ ಬಂದಳು. ಉದ್ದನಪಲ್ಲಿಯ ನಮ್ಮ ಮನೆಯ ತೊಲೆಗೆ ಇವತ್ತು ತೊಟ್ಟಿಲು ಕಟ್ಟಿದ್ದೇವೆ. ಹಾಲಿನವಳಿಂದ ಹಿಡಿದು ಬಸ್ಸಿಗೆ ಕಾಯುತ್ತಿದ್ದವರವರೆಗೆ ಎಲ್ಲರಿಗೂ ಹೇಳಿ ಬಂದೆ. ನನ್ನ ಓದು ಮೂರನೇ ಕ್ಲಾಸಿಗೇ ನಿಂತದ್ದು. ಆದರೂ ಇದನ್ನು ಬರೆದಿಡಬೇಕು ಅನ್ನಿಸಿತು.

ನಮ್ಮ ಯಜಮಾನರಿಗೆ ಗಾಂಜಾ ಚಟ. ಜೊತೆಗಾರನೊಂದಿಗೆ ಜಗಲಿಯಲ್ಲಿ ಕೂತರೆ ಒಂದೇ ಮಾತು, ಯಾವುದರಲ್ಲಿ ಸೇದಿದರೆ ಹೊಗೆ ದಂಡವಾಗುವುದಿಲ್ಲ ಎಂದು.

"ಬೀಡೀಲಿ ಅರ್ಧ ಹೊಗೇನ ಗಾಳಿ ಸೇದ್ತದೆ ಕಣ್ಲಾ, ನೀನಲ್ಲ," ಎಂದು ಇವರು.

"ನೀರ್ ತುಂಬಿದ್ ಬಾಟ್ಲೀಲಿ ಸೇದಿ ನೋಡಣ್ಣ. ಒಂಚೂರೂ ಆಚೆ ಹೋಗಾಕಿಲ್ಲ," ಎಂದು ಅವನು.

"ಅದ್ರಲ್ಲಿ ನೀರೇ ಅರ್ಧ ಕುಡ್ಕೊಂತದೆ. ಚಿಲುಮೇನೇ ಸರಿ. ಬುಡಕ್ಕೊಂದು ಒದ್ದೆ ಬಟ್ಟೆ ಇರ್ಬೇಕು, ಅಷ್ಟೇಯ."

ಇಷ್ಟು ತಲೆಯನ್ನು ಹೊಲಕ್ಕೆ ಓಡಿಸಿದ್ದರೆ ನಮ್ಮ ಟೊಮೆಟೊ ಗಿಡದಲ್ಲೇ ಕೊಳೆಯುತ್ತಿರಲಿಲ್ಲ.

ಆ ಒದ್ದೆ ಬಟ್ಟೆ ನನ್ನ ಹಳೇ ಸೀರೆಯದು. ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆಗಳನ್ನು ಅಂಗೈಯಗಲ ಹರಿದು ಹರಿದು ಮುಗಿಸಿದರು. "ನಿಮ್ ಟವಲ್ ಹರ್ಕೊಳ್ಳಿ" ಎಂದರೆ, "ಅದು ದಪ್ಪ, ಹೊಗೆ ಎಳೆಯಾಕಿಲ್ಲ" ಎಂದರು. ನಮ್ಮಲ್ಲಿ ಕೂಸಿಗೆ ಅಜ್ಜಿಯ ಹಳೇ ಸೀರೆಯಲ್ಲೇ ತೊಟ್ಟಿಲು ಕಟ್ಟಬೇಕು. ಅದಕ್ಕೆಂದು ಒಂದನ್ನು ರಾಗಿ ಡ್ರಮ್ಮಿನ ತಳದಲ್ಲಿ ಬಚ್ಚಿಟ್ಟಿದ್ದೆ.

ಕೃಷ್ಣಗಿರಿಯಲ್ಲಿ ಹೆರಿಗೆಯಾದ ಮೇಲೆ ಮಗಳು ನೇರ ಅತ್ತೆಮನೆಗೆ ಹೋದಳು. "ಆ ಹೊಗೇಲಿ ಕೂಸನ್ನ ಮಲಗಿಸಾಕಿಲ್ಲ ಅಮ್ಮ. ಅಪ್ಪ ಬಿಟ್ರೆ ಬತ್ತೀನಿ," ಎಂದಳು. ಚೊಚ್ಚಲ ಬಾಣಂತನ ತವರಲ್ಲಿ ಆಗದಿದ್ದರೆ ಊರು ಸುಮ್ಮನಿರುತ್ತದೆಯೇ? ಪಕ್ಕದ ಮನೆಯವಳು ದಿನವೂ ಕೇಳುತ್ತಿದ್ದಳು, "ಏನಕ್ಕ, ಮಗಳು ಬರ್ನೇ ಇಲ್ವಾ?"

"ಮೊಮ್ಮಗಳು ಬೇಕಾ, ಚಿಲುಮೆ ಬೇಕಾ?" ಎಂದು ಯಜಮಾನರನ್ನು ಕೇಳಿದೆ. ಎದ್ದು ಹೋಗಿ ಚಿಲುಮೆಯನ್ನು ಪಾಳು ಬಾವಿಗೆ ಎಸೆದು ಬಂದರು. ಆಮೇಲೆ ಎಷ್ಟೋ ದಿನ ಎಲ್ಲರ ಮೇಲೂ ಸಿಡುಕುತ್ತ ಕೂತಿದ್ದರು. ಮತ್ತೆ ಮುಟ್ಟಲಿಲ್ಲ. ನನಗೆ ಸಂತೋಷವಾಯಿತು, ಹೊಟ್ಟೆಯೂ ಉರಿಯಿತು. ಆಯುಸ್ಸಿಡೀ ಕಣ್ಣೀರು ಹಾಕಿದ ನನಗಾಗಿ ಬಿಡದವರು, ಇನ್ನೂ ಮುಖವನ್ನೇ ನೋಡದ ಕೂಸಿಗಾಗಿ ಬಿಟ್ಟಿದ್ದರು.

ಇವತ್ತು ಮಗಳು ಬಂದು ಮೂಲೆಮೂಲೆಯನ್ನೂ ಮೂಸಿ ನೋಡಿದ ಮೇಲೆಯೇ ಕೂಸನ್ನು ನನ್ನ ಕೈಗೆ ಕೊಟ್ಟದ್ದು. ರಾಗಿಯ ಘಮ ಹತ್ತಿದ್ದ ಸೀರೆಯನ್ನು ಒಗೆದು, ಒಣಗಿಸಿ, ತೊಟ್ಟಿಲು ಕಟ್ಟಿದೆ.

ಸಂಜೆ ಮಗಳು, ಅಳಿಯ, ಯಜಮಾನರು ಸಾಲಾಗಿ ಊಟಕ್ಕೆ ಕೂತರು. ಮುದ್ದೆ, ಅವರೆಕಾಳು ಸಾರು. ಅಷ್ಟರಲ್ಲಿ ಕೂಸು ಉಚ್ಚೆ ಹೊಯ್ದು ತೊಟ್ಟಿಲಿಂದ ನೆಲಕ್ಕೆ ತೊಟ್ಟಿಕ್ಕಿತು. ಯಜಮಾನರು ಎಂಜಲು ಕೈ ತೊಳೆದು ಬಂದು, ಹೆಗಲ ಮೇಲಿನ ಟವಲನ್ನು ಮಡಿಸಿ ಕೂಸಿನ ಅಡಿಗೆ ಹಾಸಿದರು.

"ದಪ್ಪ ಅಲ್ವಾ ಅದು?" ಎಂದೆ.

ಮಗಳು ನಕ್ಕಳು. ಅವರು ನಗಲಿಲ್ಲ. ತಟ್ಟೆಯ ಮುಂದೆ ಕೂತು, "ಮುದ್ದೆ ಹಾಕು," ಎಂದರು.

ಹಾಕಿದೆ. ದಿನವೂ ಅವರು ಉಂಡು ಎದ್ದ ಮೇಲೆ ಉಣ್ಣುವ ನಾನೂ ಒಂದು ತಟ್ಟೆ ಹಾಕಿಕೊಂಡು ಅವರ ಎದುರಿಗೇ ಉಣ್ಣಲು ಕೂತೆ.