ದೇವರ ಮುಂದಿನ ನಿಂಬೆಹಣ್ಣು ಮತ್ತು ನಮ್ಮಮ್ಮ

ಗೆಳೆಯರೇ, ನಮ್ಮ ಬೀದಿಯ ಆಟೋ ಮಂಜಣ್ಣ ದೇವರ ಫೋಟೋ ಮುಂದೆ ಇಟ್ಟಿದ್ದ ನಿಂಬೆಹಣ್ಣನ್ನು ಇವತ್ತು ನಮ್ಮಮ್ಮ ಎತ್ತಿಕೊಂಡು ಮೂಸಿಬಿಟ್ಟಳು.

ದಾವಣಗೆರೆಯಲ್ಲಿ ಕೀಮೋ ಮುಗಿಸಿ ಅವನ ಆಟೋದಲ್ಲೇ ಹರಿಹರಕ್ಕೆ ವಾಪಸ್ ಬರುತ್ತಿದ್ದೆವು. "ಇದೇ ಕೊನೆ. ಇನ್ನ ಆ ಆಸ್ಪತ್ರೆ ಮೆಟ್ಲು ಹತ್ತಲ್ಲ" ಎಂದು ದಾರಿಯುದ್ದಕ್ಕೂ ಅಮ್ಮನದು ಒಂದೇ ಮಾತು. ವಾಕರಿಕೆಗೆ ಮಾತ್ರೆಯ ಜೊತೆ ಪರಿಮಳವೂ ಸ್ವಲ್ಪ ಹಿತವಾಗಬಹುದು ಎಂದು ನರ್ಸ್ ಹೇಳಿದ್ದರು. ನಾನು ಪುದೀನ ಎಣ್ಣೆ ತರಿಸಿ, ಹತ್ತಿಗೆ ಹಾಕಿ ಹಿಡಿದರೆ, "ಟೂತ್‌ಪೇಸ್ಟ್ ವಾಸ್ನೆ ಬರ್ತೈತೆ, ಆ ಕಡೆ ಹಿಡಿ" ಎಂದಳು.

ಹೊಟ್ಟೆ ತೊಳಸಿತೆಂದು ಆಟೋ ನಿಲ್ಲಿಸಿದೆವು. ಮಂಜಣ್ಣ ಇಳಿದು ನೀರಿನ ಬಾಟಲಿ ಹುಡುಕುವಷ್ಟರಲ್ಲಿ ಅಮ್ಮ ಮುಂದಕ್ಕೆ ಬಾಗಿ ಹಣ್ಣು ತೆಗೆದು, ಸಿಪ್ಪೆಯನ್ನು ಉಗುರಲ್ಲಿ ಗೀರಿ, ಕಣ್ಣು ಮುಚ್ಚಿ ಉಸಿರೆಳೆದಳು.

"ಅಮ್ಮಾ, ಮೂಸಬ್ಯಾಡ್ರಿ! ಮೂಸಿದ್ದು ದೇವ್ರಿಗೆ ನಡೆಯಲ್ಲ!" ಎಂದು ಮಂಜಣ್ಣ ಕೂಗಿದ.

ಪೂಜೆಯ ಹೂ ಮೂಸಿದ್ದಕ್ಕೆ ಚಿಕ್ಕಂದಿನಲ್ಲಿ ನನ್ನ ಬೆನ್ನಿಗೆ ಗುದ್ದಿದವಳು ಇದೇ ಅಮ್ಮ. ಈಗ ಕಣ್ಣು ಸಹ ಬಿಡದೆ ಕೇಳಿದಳು: "ನಿನ್ನ ದೇವ್ರಿಗೆ ವಾಂತಿ ಬರ್ತೈತೇನಪ್ಪ?"

ಮಂಜಣ್ಣ ನಕ್ಕುಬಿಟ್ಟ. "ಇಲ್ರಿ. ನೀವೇ ಇಟ್ಕಳ್ರಿ."

ನಿಂಬೆಯಿಂದಲೋ ಮಾತ್ರೆಯಿಂದಲೋ, ಮನೆ ಸೇರುವವರೆಗೆ ವಾಂತಿ ಆಗಲಿಲ್ಲ. ಇಳಿಯುವಾಗ ಅಮ್ಮ ಅವನಿಗೆ ಹೇಳಿದಳು: "ಮುಂದಿನ ಸಲ ಎರಡು ಇಟ್ಟಿರಪ್ಪ. ದೇವ್ರಿಗೊಂದು, ನನಗೊಂದು."

ಮುಂದಿನ ಸಲ! ನಾನು ಕೇಳಿಸಿಕೊಂಡಂತೆ ತೋರಿಸಿಕೊಳ್ಳಲಿಲ್ಲ. ತೋರಿಸಿದ್ದರೆ ಆಡಿದ ಮಾತನ್ನು ಅಲ್ಲೇ ವಾಪಸ್ ತೆಗೆದುಕೊಳ್ಳುತ್ತಿದ್ದಳು.

ಪುದೀನ ಎಣ್ಣೆ ಮುಕ್ಕಾಲು ಬಾಟಲಿ ಉಳಿದಿದೆ. ಬೇಕಾದವರು ಹೇಳಿ.